ಕುಡುಗೋಲು ತಾಗಿದಾಗ, ಮೊಳೆ ಚುಚ್ಚಿದಾಗ: ತೆರೆದ ಗಾಯಕ್ಕೆ ಪ್ರಥಮ ಚಿಕಿತ್ಸೆ ಮತ್ತು ನಂಜು ತಡೆಯುವ ಬಗೆ

ಅಡಿಕೆ ಸುಲಿಯುವ ಕಾಲದಲ್ಲಿ ಮಲೆನಾಡಿನ ಯಾವ ಮನೆಯ ಅಂಗಳಕ್ಕೆ ಹೋದರೂ ಒಬ್ಬಿಬ್ಬರ ಬೆರಳಿಗೆ ಬಟ್ಟೆ ಸುತ್ತಿರುವುದು ಕಾಣುತ್ತದೆ. ಭತ್ತದ ಕೊಯ್ಲಿನಲ್ಲಿ ಕುಡುಗೋಲು, ಕಬ್ಬಿನ ಗದ್ದೆಯಲ್ಲಿ ಮಚ್ಚು, ಬಯಲುಸೀಮೆಯಲ್ಲಿ ಜಾಲಿಮುಳ್ಳು, ಅಡುಗೆಮನೆಯಲ್ಲಿ ಈಳಿಗೆಮಣೆ, ರಸ್ತೆಯಲ್ಲಿ ಜಲ್ಲಿಕಲ್ಲಿನ ಮೇಲೆ ಜಾರಿದ ಬೈಕು, ಹೀಗೆ ನಮ್ಮ ನಾಡಿನಲ್ಲಿ ಗಾಯವಾಗುವುದಕ್ಕೆ ಕಾರಣಗಳು ನೂರಾರಿದ್ದರೂ ಗಾಯವಾದೊಡನೆ ಸುತ್ತಲಿನವರು ಕೇಳುವ ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಒಂದೇ: "ಏನು ಹಚ್ಚಿದಿರಿ?" ಅರಿಶಿನ, ಕಾಫಿಪುಡಿ, ಸುಣ್ಣ, ಬೂದಿ, ಬೇಲಿಯಲ್ಲಿ ಬೆಳೆಯುವ ಕಮ್ಯುನಿಸ್ಟ್ ಗಿಡದ ಸೊಪ್ಪಿನ ರಸ, ಕೊನೆಗೆ ಸೀಮೆಎಣ್ಣೆ ಎಂದು ಉತ್ತರಗಳೂ ಸಿದ್ಧವಾಗಿರುತ್ತವೆ.

ಈ ಪ್ರಶ್ನೆಯನ್ನೇ ಬದಲಿಸಬೇಕೆಂಬುದು ಈ ಬರಹದ ಮುಖ್ಯ ಮಾತು. ಗಾಯವು ನಂಜಾಗುವುದು ಅದರೊಳಗೆ ಉಳಿದ ಮಣ್ಣು, ಕಸ, ಸತ್ತ ಚರ್ಮ ಮತ್ತು ಅವುಗಳ ಆಸರೆಯಲ್ಲಿ ಬೆಳೆಯುವ ರೋಗಾಣುಗಳಿಂದ. ಆದ್ದರಿಂದ ಗಾಯಕ್ಕೆ ಏನನ್ನು ಹಚ್ಚಬೇಕು ಎಂಬುದಕ್ಕಿಂತ ಗಾಯದೊಳಗಿನಿಂದ ಏನನ್ನು ಹೊರಗೆ ಕಳಿಸಬೇಕು ಎಂದು ಯೋಚಿಸುವವರ ಗಾಯ ಬೇಗ ಮಾಯುತ್ತದೆ. ಗಟ್ಟಿಯಾಗಿ ಒತ್ತಿ ಹಿಡಿಯುವುದು ಮತ್ತು ಧಾರಾಳವಾಗಿ ತೊಳೆಯುವುದು, ಈ ಎರಡು ಕೆಲಸಗಳನ್ನು ಸರಿಯಾಗಿ ಮಾಡಿದರೆ ಮನೆಯಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವಕ್ಕೆ ಬೇರೇನೂ ಬೇಕಾಗುವುದಿಲ್ಲ.

ಮೊದಲ ಹೆಜ್ಜೆ: ಗಾಯ ಮುಟ್ಟುವ ಮುನ್ನ

ಗಾಯಗೊಂಡವರನ್ನು ಕೂರಿಸಿ, ಸಾಧ್ಯವಾದರೆ ಮಲಗಿಸಿ. ರಕ್ತ ಕಂಡೊಡನೆ ತಲೆಸುತ್ತು ಬಂದು ಬೀಳುವವರು ಬಹಳ ಮಂದಿ ಇದ್ದಾರೆ. ಬೆರಳಿನ ಸಣ್ಣ ಗಾಯಕ್ಕಿಂತ ಹಾಗೆ ಬಿದ್ದು ತಲೆಗೆ ಬೀಳುವ ಪೆಟ್ಟೇ ದೊಡ್ಡದಾಗಬಹುದು. ಯಂತ್ರದಿಂದಾದ ಗಾಯವಾಗಿದ್ದರೆ ಮೊದಲು ಯಂತ್ರವನ್ನು ನಿಲ್ಲಿಸಿ. ರಸ್ತೆಯಲ್ಲಾಗಿದ್ದರೆ ವಾಹನಗಳು ಬಾರದ ಕಡೆಗೆ ಸರಿಯಿರಿ. ಕೈಗೆ ಗಾಯವಾಗಿದ್ದರೆ ಉಂಗುರ, ಬಳೆ, ಕೈಗಡಿಯಾರಗಳನ್ನು ಆಗಲೇ ತೆಗೆದುಬಿಡಬೇಕು, ಏಕೆಂದರೆ ಅರ್ಧ ಗಂಟೆಯಲ್ಲಿ ಊತ ಬಂದಮೇಲೆ ಉಂಗುರ ತೆಗೆಯುವುದೇ ಕಷ್ಟವಾಗಿ ಬೆರಳಿನ ರಕ್ತಸಂಚಾರಕ್ಕೂ ತೊಂದರೆಯಾಗುತ್ತದೆ.

ಆಮೇಲೆ ನಿಮ್ಮ ಕೈಗಳನ್ನು ಸೋಪು ಹಾಕಿ ತೊಳೆದುಕೊಳ್ಳಿ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಹೆರಿಗೆ ಮಾಡಿಸುವ ಮುನ್ನ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದಾಗ ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. ಆಗ ರೋಗಾಣು ಎಂಬ ಕಲ್ಪನೆಯೇ ಗಟ್ಟಿಯಾಗಿರಲಿಲ್ಲ. ಇಂದು ಅದು ಎಲ್ಲರಿಗೂ ಗೊತ್ತಿದ್ದರೂ ಕೊಟ್ಟಿಗೆಯಿಂದ ಓಡಿಬಂದು ಅದೇ ಕೈಯಲ್ಲಿ ಮಗುವಿನ ಮೊಣಕಾಲನ್ನು ಒರೆಸುವವರು ಇದ್ದಾರೆ. ಕೈಗವಸು ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಶುಭ್ರವಾದ ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ಹಾಕಿಕೊಂಡರೂ ಇನ್ನೊಬ್ಬರ ರಕ್ತದಿಂದ ನಿಮಗೆ ರಕ್ಷಣೆ ಸಿಗುತ್ತದೆ. ರಕ್ತ ಚಿಮ್ಮುತ್ತಿದ್ದರೆ ಮಾತ್ರ ಕೈ ತೊಳೆಯಲು ಕಾಯದೆ ಒತ್ತಿ ಹಿಡಿಯುವುದೇ ಸರಿ.

ಎರಡನೆಯ ಹೆಜ್ಜೆ: ರಕ್ತ ನಿಲ್ಲಿಸುವುದು

ಒಗೆದು ಒಣಗಿಸಿದ ಹತ್ತಿಬಟ್ಟೆಯನ್ನೋ ಗಾಜ್ (ಗಾಯಕ್ಕೆ ಕಟ್ಟುವ ಜಾಳುಬಟ್ಟೆ) ತುಂಡನ್ನೋ ನಾಲ್ಕಾರು ಮಡಿಕೆ ಮಾಡಿ ಗಾಯದ ಮೇಲೆ ನೇರವಾಗಿ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿರಿ. ಬಿಡಿ ಹತ್ತಿಯನ್ನು ನೇರವಾಗಿ ಗಾಯದ ಮೇಲೆ ಇಡಬಾರದು. ಅದರ ಎಳೆಗಳು ಒಳಗೆ ಅಂಟಿಕೊಂಡು ಉಳಿಯುತ್ತವೆ. ಗಡಿಯಾರ ನೋಡಿ ಪೂರ್ತಿ 10 ನಿಮಿಷ ಒತ್ತಿ ಹಿಡಿಯಬೇಕು, ಮತ್ತು ಆ ಹತ್ತು ನಿಮಿಷದಲ್ಲಿ ಒಮ್ಮೆಯೂ ಬಟ್ಟೆ ಎತ್ತಿ ನೋಡಬಾರದು. ಎಲ್ಲರೂ ತಪ್ಪುವುದು ಇಲ್ಲಿಯೇ. ರಕ್ತ ನಿಂತಿತೇ ಎಂಬ ಆತಂಕದಲ್ಲಿ ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಆಗತಾನೆ ಕಟ್ಟುತ್ತಿದ್ದ ಹೆಪ್ಪು ಬಟ್ಟೆಯೊಂದಿಗೆ ಕಿತ್ತು ಬಂದು ರಕ್ತ ಮೊದಲಿನಿಂದ ಸುರಿಯತೊಡಗುತ್ತದೆ. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಅದರ ಮೇಲೆಯೇ ಇನ್ನೊಂದು ಬಟ್ಟೆ ಇಟ್ಟು ಇನ್ನೂ ಗಟ್ಟಿಯಾಗಿ ಒತ್ತಿ. ಕೈ ಅಥವಾ ಕಾಲಿನ ಗಾಯವಾಗಿದ್ದು ಮೂಳೆ ಮುರಿದಿಲ್ಲವೆಂದಾದರೆ ಅದನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿ ಹಿಡಿಯಬಹುದು, ಆದರೆ ಎತ್ತಿ ಹಿಡಿಯುವುದು ಒತ್ತಡಕ್ಕೆ ಬದಲಿಯಾಗುವುದಿಲ್ಲ.

ರಕ್ತ ತೆಳುಮಾಡುವ ಮಾತ್ರೆಗಳನ್ನು ನುಂಗುತ್ತಿರುವ ಹೃದ್ರೋಗಿಗಳಿಗೆ ಹತ್ತು ನಿಮಿಷ ಸಾಲದೆ ಹೋಗಬಹುದು. ಅವರಿಗೆ ಇನ್ನೂ ಹತ್ತು ನಿಮಿಷ ಒತ್ತಿ, ಆಗಲೂ ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ಕೆಂಪು ರಕ್ತ ನಾಡಿಯ ಬಡಿತಕ್ಕೆ ತಕ್ಕಂತೆ ಚಿಮ್ಮುತ್ತಿದ್ದರೆ ಅದು ಅಪಧಮನಿಯ, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳದ ಗಾಯ. ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ದೊಡ್ಡ ಅಪಧಮನಿ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಒಬ್ಬರು ಒತ್ತುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಕೈಕಾಲಿನ ಗಾಯದಲ್ಲಿ ಇಡೀ ಮೈಭಾರ ಹಾಕಿ ಒತ್ತಿದರೂ ರಕ್ತ ನಿಲ್ಲದಿದ್ದಾಗ, ಆಗ ಮಾತ್ರ, ಗಾಯಕ್ಕಿಂತ ಮೂರು ನಾಲ್ಕು ಬೆರಳಿನಷ್ಟು ಮೇಲೆ, ಕೀಲಿನ ಮೇಲೆ ಬಾರದಂತೆ, ಟವೆಲ್ಲಿನ ಅಥವಾ ಸೀರೆಯ ಅಗಲವಾದ ಪಟ್ಟಿಯನ್ನು ಕಟ್ಟಿ ಅದರ ಗಂಟಿನೊಳಗೆ ಒಂದು ಗಟ್ಟಿಯಾದ ಕೋಲು ತೂರಿಸಿ ರಕ್ತ ನಿಲ್ಲುವವರೆಗೆ ತಿರುಚಿ ಬಿಗಿಮಾಡಬೇಕು. ಬಿಗಿದ ಸಮಯವನ್ನು ಗಾಯಾಳುವಿನ ಕೈ ಮೇಲೋ ಹಣೆಯ ಮೇಲೋ ಪೆನ್ನಿನಿಂದ ಬರೆಯಿರಿ ಮತ್ತು ಆಸ್ಪತ್ರೆ ತಲುಪುವವರೆಗೆ ಸಡಿಲಿಸಬೇಡಿ. ತೆಳ್ಳನೆಯ ದಾರ, ತಂತಿ, ಹಗ್ಗಗಳಿಂದ ಕಟ್ಟಿದರೆ ರಕ್ತ ನಿಲ್ಲುವುದಕ್ಕಿಂತ ಮೊದಲು ಚರ್ಮ ಮತ್ತು ನರಗಳು ಕತ್ತರಿಸಿಹೋಗುತ್ತವೆ.

ಗಾಯದಲ್ಲಿ ಚಾಕು, ಕಬ್ಬಿಣದ ಸರಳು, ದೊಡ್ಡ ಗಾಜಿನ ಚೂರು ನಾಟಿ ನಿಂತಿದ್ದರೆ ಅದನ್ನು ಎಳೆಯಬೇಡಿ. ಅದೇ ಎಷ್ಟೋ ವೇಳೆ ತುಂಡಾದ ರಕ್ತನಾಳಕ್ಕೆ ಬಿರಡೆಯಂತೆ ಕೂತಿರುತ್ತದೆ. ಅದರ ಎರಡೂ ಬದಿಗೆ ಬಟ್ಟೆಯ ಸುರುಳಿಗಳನ್ನಿಟ್ಟು, ಅಲುಗಾಡದಂತೆ ಕಟ್ಟಿ, ಹಾಗೆಯೇ ಕರೆದೊಯ್ಯಬೇಕು.

ಮೂರನೆಯ ಹೆಜ್ಜೆ: ತೊಳೆಯುವುದು

"ಗಾಯಕ್ಕೆ ನೀರು ತಾಗಿಸಬೇಡ, ಕೀವಾಗುತ್ತದೆ" ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಕೆರೆ, ಹಳ್ಳ, ಗದ್ದೆಗಳ ನೀರಿನ ಮಟ್ಟಿಗೆ ಆ ಮಾತು ನಿಜವೇ. ಆ ಅನುಭವದಿಂದಲೇ ಅದು ಹುಟ್ಟಿದ್ದಿರಬಹುದು. ಆದರೆ ಕುಡಿಯಲು ಯೋಗ್ಯವಾದ ನೀರಿನಿಂದ ಗಾಯವನ್ನು ತೊಳೆಯದೆ ಬಿಡುವುದೇ ನಂಜಿಗೆ ಅತಿ ದೊಡ್ಡ ಆಹ್ವಾನ. ಕುಡಿಯುವ ನಲ್ಲಿ ನೀರಿನಿಂದ ತೊಳೆದ ಗಾಯಗಳಿಗೂ ಆಸ್ಪತ್ರೆಯ ಸಲೈನ್‌ನಿಂದ (ರೋಗಾಣುರಹಿತ ಉಪ್ಪುನೀರಿನಿಂದ) ತೊಳೆದ ಗಾಯಗಳಿಗೂ ನಂಜಾಗುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲವೆಂದು ಹಲವು ಅಧ್ಯಯನಗಳು ತೋರಿಸಿವೆ. ನೀರಿನ ಬಗ್ಗೆ ಅನುಮಾನವಿದ್ದರೆ ಕುದಿಸಿ ಆರಿಸಿದ ನೀರನ್ನು ಬಳಸಿ.

ರಕ್ತ ನಿಂತ ಮೇಲೆ ಗಾಯವನ್ನು ಹರಿಯುವ ನಲ್ಲಿಯ ಕೆಳಗೆ ಐದರಿಂದ ಹತ್ತು ನಿಮಿಷ ಹಿಡಿಯಿರಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಎತ್ತರದಿಂದ ಸುರಿಯಬಹುದು. ನೀರಿನ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ತೂತು ಮಾಡಿ ಬಾಟಲಿಯನ್ನು ಹಿಂಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ಸಂದುಗೊಂದಿನಲ್ಲಿ ಸಿಕ್ಕಿದ ಮಣ್ಣನ್ನು ಹೊರಹಾಕಲು ನೀರಿಗೆ ಸ್ವಲ್ಪ ಒತ್ತಡ ಬೇಕು. ಗಾಯ ಒಂದು ಸೆಂಟಿಮೀಟರ್ ಉದ್ದವಿದ್ದರೆ 50ರಿಂದ 100 ಮಿಲಿಲೀಟರ್ ನೀರು ಎಂಬ ಲೆಕ್ಕ ಇಟ್ಟುಕೊಳ್ಳಬಹುದು. ಅಂದರೆ ಐದು ಸೆಂಟಿಮೀಟರಿನ ಗಾಯಕ್ಕೆ ಕಾಲು ಲೀಟರಿನಿಂದ ಅರ್ಧ ಲೀಟರಿನಷ್ಟು ನೀರು ಗಾಯದ ಮೂಲಕವೇ ಹರಿದುಹೋಗಬೇಕು. ನೆನೆಸಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ತೊಳೆದಂತಾಗುವುದಿಲ್ಲ. ಗಾಯದ ಸುತ್ತಲಿನ ಚರ್ಮಕ್ಕೆ ಸಾಮಾನ್ಯ ಸ್ನಾನದ ಸೋಪು ಹಚ್ಚಿ ತೊಳೆಯಿರಿ. ಸೋಪು ಗಾಯದೊಳಗೆ ಸ್ವಲ್ಪ ಹೋದರೆ ಉರಿಯುತ್ತದೆಯೇ ಹೊರತು ಕೆಡುಕಾಗುವುದಿಲ್ಲ.

ತೊಳೆದ ನಂತರವೂ ಅಂಟಿಕೊಂಡಿರುವ ಮಣ್ಣಿನ ಕಣ, ಸಣ್ಣ ಕಲ್ಲು, ಸಿಬುರುಗಳನ್ನು ಕುದಿಯುವ ನೀರಿನಲ್ಲಿ ಅದ್ದಿದ ಅಥವಾ ಸ್ಪಿರಿಟ್‌ನಿಂದ ಒರೆಸಿದ ಚಿಮುಟದಿಂದ ತೆಗೆಯಿರಿ. ಬೈಕಿನಿಂದ ಬಿದ್ದು ತರಚಿದ ಮೊಣಕಾಲಿನಲ್ಲಿ ಡಾಂಬರಿನ ಕಪ್ಪು ಕಣಗಳನ್ನು ಹಾಗೆಯೇ ಬಿಟ್ಟರೆ ಗಾಯ ಮಾಯ್ದ ಮೇಲೂ ಅವು ಚರ್ಮದೊಳಗೆ ಹಚ್ಚೆಯಂತೆ ಉಳಿದುಬಿಡುತ್ತವೆ. ಆದ್ದರಿಂದ ತರಚು ಗಾಯವನ್ನು ನೆನೆಸಿದ ಗಾಜ್‌ನಿಂದ ಮೆಲ್ಲಗೆ ಉಜ್ಜಿ ಸ್ವಚ್ಛಮಾಡಲು ಹಿಂಜರಿಯಬಾರದು. ನೋವಾಗುತ್ತದೆ, ಮಗು ಅಳುತ್ತದೆ, ಆದರೂ ಮಾಡಲೇಬೇಕು. ಮುಳ್ಳು ಮತ್ತು ಬಿದಿರಿನ ಸಿಬುರು ಸಸ್ಯದ ವಸ್ತುವಾದ್ದರಿಂದ ಒಳಗೆ ಉಳಿದರೆ ಬಹುಪಾಲು ಕೀವು ಕಟ್ಟುತ್ತವೆ. ಮುಳ್ಳು ಹೊರಬರಲೆಂದು ಎಕ್ಕದ ಹಾಲು ಹಾಕುವ ರೂಢಿಯುಂಟು. ಆ ಹಾಲು ಚರ್ಮವನ್ನು ಕೆರಳಿಸುತ್ತದೆ, ಕೈಯಿಂದ ಕಣ್ಣಿಗೆ ತಾಗಿದರಂತೂ ದೃಷ್ಟಿಗೇ ಹಾನಿ. ಮೇಲೆ ಕಾಣುವ ಮುಳ್ಳನ್ನು ಅದು ಹೊಕ್ಕ ದಿಕ್ಕಿನಲ್ಲೇ ಹಿಂದಕ್ಕೆಳೆಯಿರಿ, ಕಾಣದಷ್ಟು ಆಳಕ್ಕೆ ಹೋಗಿದ್ದರೆ ಪಿನ್ನಿನಿಂದ ಕೆದಕದೆ ವೈದ್ಯರಿಗೆ ಬಿಡಿ.

ಆಳವಾಗಿ ಬಾಯಿ ತೆರೆದ, ಒಳಗಿನ ಕೊಬ್ಬು ಅಥವಾ ಮೂಳೆ ಕಾಣುವ, ಬಹಳ ರಕ್ತ ಹೋಗಿ ಈಗಷ್ಟೇ ನಿಂತಿರುವ ಗಾಯಗಳನ್ನು ಮನೆಯಲ್ಲಿ ತೊಳೆಯಲು ಹೋಗಬಾರದು. ಅಂಥವನ್ನು ಶುಭ್ರ ಬಟ್ಟೆಯಿಂದ ಮುಚ್ಚಿ ಆಸ್ಪತ್ರೆಗೆ ಒಯ್ಯುವುದೇ ಪ್ರಥಮ ಚಿಕಿತ್ಸೆ.

ಏನನ್ನು ಹಚ್ಚಬಾರದು, ಏಕೆ

ಅರಿಶಿನದಲ್ಲಿ ರೋಗಾಣುಗಳ ಬೆಳವಣಿಗೆಯನ್ನು ತಡೆಯುವ ಅಂಶವಿರುವುದು ಪ್ರಯೋಗಾಲಯದಲ್ಲಿ ಕಂಡಿರುವ ಸಂಗತಿ. ಕಮ್ಯುನಿಸ್ಟ್ ಗಿಡದ ಎಲೆಯ ರಸಕ್ಕೆ ರಕ್ತವನ್ನು ಬೇಗ ಹೆಪ್ಪುಗಟ್ಟಿಸುವ ಗುಣವಿರುವ ಬಗ್ಗೆಯೂ ಅಧ್ಯಯನಗಳು ನಡೆದಿವೆ. ಹಿರಿಯರ ತಿಳಿವಳಿಕೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಸಾಂಬಾರ ಡಬ್ಬಿಯಲ್ಲಿರುವ ಅರಿಶಿನದ ಪುಡಿ ರೋಗಾಣುರಹಿತವಾದ ವಸ್ತುವಲ್ಲ. ಅಂಗಳದಲ್ಲಿ ಒಣಗಿ, ಗಿರಣಿಯಲ್ಲಿ ಬೀಸಿ, ದಿನಕ್ಕೆ ಹತ್ತು ಸಲ ಚಮಚ ಆಡಿಸಿದ ಪುಡಿ ಅದು. ಬೇಲಿಯ ಸೊಪ್ಪನ್ನು ಅಂಗೈಯಲ್ಲಿ ಹೊಸಕುವಾಗ ಎಲೆಯ ಮೇಲಿನ ಮಣ್ಣೂ ಅಂಗೈಯ ಕೊಳೆಯೂ ರಸದೊಂದಿಗೆ ಇಳಿಯುತ್ತವೆ. ಕಾಫಿಪುಡಿ, ಬೂದಿ, ಜೇಡರ ಬಲೆ ಇವೆಲ್ಲ ರಕ್ತದೊಂದಿಗೆ ಕಲಸಿ ಗಟ್ಟಿಯಾದ ಹೆಕ್ಕಳಿಕೆಯಾಗುತ್ತವೆ, ಅದರ ಕೆಳಗೆ ಗಾಳಿಯಾಡದ ಜಾಗದಲ್ಲಿ ರೋಗಾಣು ನೆಮ್ಮದಿಯಾಗಿ ಬೆಳೆಯುತ್ತದೆ. ವೈದ್ಯರು ಹೊಲಿಗೆ ಹಾಕುವ ಮುನ್ನ ಇದೆಲ್ಲವನ್ನೂ ಕೆರೆದು ತೆಗೆಯಬೇಕಾಗುತ್ತದೆ, ಆ ನೋವು ಗಾಯದ ನೋವಿಗಿಂತ ಹೆಚ್ಚು. ಸುಣ್ಣ, ಸೀಮೆಎಣ್ಣೆ, ಡೀಸೆಲ್‌ಗಳು ಜೀವಂತ ಅಂಗಾಂಶವನ್ನೇ ಸುಡುತ್ತವೆ. ಮಣ್ಣು ಮತ್ತು ಸಗಣಿಯಲ್ಲಿ ಧನುರ್ವಾಯುವಿನ ಬೀಜಕಗಳಿರುವುದರಿಂದ ಅವನ್ನು ಗಾಯದ ಹತ್ತಿರಕ್ಕೂ ತರಬಾರದು.

ಔಷಧದ ಅಂಗಡಿಯಿಂದ ತಂದದ್ದೆಲ್ಲವೂ ಒಳ್ಳೆಯದೆಂಬ ನಂಬಿಕೆಯೂ ಬೇಡ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಡೆಟಾಲ್ ಇವು ರೋಗಾಣುಗಳ ಜೊತೆಗೆ ಗಾಯವನ್ನು ಕೂಡಿಸಲು ಬರುವ ಹೊಸ ಜೀವಕೋಶಗಳನ್ನೂ ಕೊಲ್ಲುತ್ತವೆ. ಉರಿದಷ್ಟೂ ಔಷಧ ಕೆಲಸ ಮಾಡುತ್ತಿದೆ ಎಂದುಕೊಳ್ಳುವುದು ತಪ್ಪು. ಚೆನ್ನಾಗಿ ತೊಳೆದ ಗಾಯಕ್ಕೆ ಪೋವಿಡೋನ್ ಅಯೋಡಿನ್ ಮುಲಾಮನ್ನು, ಅಂದರೆ ಬೆಟಾಡಿನ್‌ನಂಥದ್ದನ್ನು, ತೆಳುವಾಗಿ ಸವರಿದರೆ ಸಾಕು. ಅಯೋಡಿನ್ ಒಗ್ಗದವರು ಮತ್ತು ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಔಷಧದ ಪುಡಿಗಳನ್ನು ಉದುರಿಸುವುದಕ್ಕಿಂತ ಮುಲಾಮು ಮೇಲು, ಏಕೆಂದರೆ ಪುಡಿ ಒದ್ದೆಗಾಯದ ಮೇಲೆ ಗಟ್ಟಿಯಾದ ಪದರವಾಗಿ ಕೂರುತ್ತದೆ. ಆಂಟಿಬಯೋಟಿಕ್ ಮಾತ್ರೆಗಳನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗುವ ಅಭ್ಯಾಸವಂತೂ ಖಂಡಿತ ಬೇಡ. ಸರಿಯಾಗಿ ತೊಳೆದ ಸಣ್ಣ ಗಾಯಕ್ಕೆ ಅವು ಬೇಕಾಗುವುದಿಲ್ಲ, ತೊಳೆಯದ ಗಾಯವನ್ನು ಅವು ಕಾಪಾಡುವುದೂ ಇಲ್ಲ.

ನಾಲ್ಕನೆಯ ಹೆಜ್ಜೆ: ಮುಚ್ಚುವುದು

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಿದರೆ ಬೇಗ ಮಾಯುತ್ತದೆಂಬ ನಂಬಿಕೆ ನಮ್ಮಲ್ಲಷ್ಟೇ ಅಲ್ಲದೆ ಜಗತ್ತಿನಾದ್ಯಂತ ಇತ್ತು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಬ್ರಿಟಿಷ್ ಸಂಶೋಧಕರು ಹಂದಿಗಳ ಮೇಲ್ಮೈ ಗಾಯಗಳಲ್ಲಿ ಪರೀಕ್ಷಿಸಿ, ಗಾಳಿಗೆ ಬಿಟ್ಟ ಗಾಯಗಳಿಗಿಂತ ತೇವ ಆರದಂತೆ ಮುಚ್ಚಿದ ಗಾಯಗಳಲ್ಲಿ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ಬೆಳೆಯುವುದನ್ನು ತೋರಿಸಿದರು. ಕಾರಣ ಸರಳವಾಗಿದೆ: ಹೊಸ ಜೀವಕೋಶಗಳು ಗಾಯದ ಅಂಚಿನಿಂದ ನಡುವಿನ ಕಡೆಗೆ ಸರಿಯುತ್ತಾ ಹೋಗಬೇಕು, ಒದ್ದೆ ನೆಲದ ಮೇಲೆ ಅವು ಸಲೀಸಾಗಿ ಸರಿಯುತ್ತವೆ, ಒಣಗಿದ ಹೆಕ್ಕಳಿಕೆ ಇದ್ದರೆ ಅದರ ಕೆಳಗೆ ತೂರಿಕೊಂಡು ಹೋಗಬೇಕಾಗುತ್ತದೆ. ಆದ್ದರಿಂದ ಮುಲಾಮಿನ ಅಥವಾ ಬರಿಯ ವ್ಯಾಸಲೀನಿನ ತೆಳುವಾದ ಲೇಪ, ಅದರ ಮೇಲೆ ಗಾಜ್, ಅದರ ಮೇಲೆ ಹಗುರವಾಗಿ ಸುತ್ತಿದ ಬ್ಯಾಂಡೇಜ್, ಇದು ಸರಿಯಾದ ಕ್ರಮ. ಕಟ್ಟಿದ ಮೇಲೆ ಬೆರಳ ತುದಿ ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಕಟ್ಟು ಬಿಗಿಯಾಗಿದೆ ಎಂದು ತಿಳಿದು ಸಡಿಲಿಸಿ.

ದಿನಕ್ಕೊಮ್ಮೆ ಕಟ್ಟನ್ನು ಬದಲಿಸಿ. ಒದ್ದೆಯಾದರೆ ಅಥವಾ ಕೊಳೆಯಾದರೆ ಆಗಲೇ ಬದಲಿಸಿ. ಗಾಜ್ ಅಂಟಿಕೊಂಡಿದ್ದರೆ ಎಳೆಯದೆ ಕುದಿಸಿ ಆರಿಸಿದ ನೀರನ್ನು ಹನಿಸಿ ನೆನೆಯಲು ಬಿಟ್ಟರೆ ತಾನಾಗಿ ಬಿಡುತ್ತದೆ. ಮೊಳೆ, ಮುಳ್ಳು ಚುಚ್ಚಿದ ಗಾಯಗಳ ಬಾಯನ್ನು ಮಾತ್ರ ಅಂಟುವ ಪ್ಲಾಸ್ಟರ್‌ನಿಂದ ಬಿಗಿಯಾಗಿ ಮುಚ್ಚಬಾರದು, ಸಡಿಲವಾದ ಗಾಜ್ ಸಾಕು.

ಹೊಲಿಗೆ ಬೇಕಾದ ಗಾಯವನ್ನು ಗುರುತಿಸುವುದು

ಒತ್ತಿ ಬಿಟ್ಟಮೇಲೆ ಗಾಯದ ಎರಡು ಅಂಚುಗಳು ತಾವಾಗಿ ಕೂಡದೆ ಬಾಯಿ ಬಿಟ್ಟುಕೊಂಡಿದ್ದರೆ, ಅರ್ಧ ಸೆಂಟಿಮೀಟರಿಗಿಂತ ಆಳವಾಗಿದ್ದರೆ, ಹಳದಿ ಬಣ್ಣದ ಕೊಬ್ಬು ಕಾಣುತ್ತಿದ್ದರೆ, ಕೀಲಿನ ಮೇಲಾಗಲಿ ಮುಖದ ಮೇಲಾಗಲಿ ಇದ್ದರೆ ಹೊಲಿಗೆ ಬೇಕಾಗಬಹುದು. ಬೆರಳು ಅಥವಾ ಅಂಗೈ ಕೊಯ್ದಾಗ ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡಿ: ಗಾಯವಾದ ಬೆರಳನ್ನು ಪೂರ್ತಿ ಮಡಿಸಿ ಬಿಡಿಸಲು ಹೇಳಿ, ತುದಿಯನ್ನು ಮುಟ್ಟಿದರೆ ಗೊತ್ತಾಗುತ್ತದೆಯೇ ಎಂದು ಕೇಳಿ. ಮಡಿಸಲು ಆಗದಿದ್ದರೆ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ), ಸ್ಪರ್ಶ ತಿಳಿಯದಿದ್ದರೆ ನರ ತುಂಡಾಗಿರುವ ಸಂಭವವಿದೆ, ಹೊರಗಿನ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಸರಿ. ಈಳಿಗೆಮಣೆ ಮತ್ತು ಕುಡುಗೋಲಿನ ಗಾಯಗಳಲ್ಲಿ ಹೀಗಾಗುವುದು ಅಪರೂಪವಲ್ಲ. ಹೊಲಿಗೆಯನ್ನು ಸಾಮಾನ್ಯವಾಗಿ ಆರರಿಂದ ಎಂಟು ಗಂಟೆಯೊಳಗೆ ಹಾಕುವುದು ಒಳ್ಳೆಯದಾದ್ದರಿಂದ "ನಾಳೆ ಬೆಳಿಗ್ಗೆ ನೋಡೋಣ" ಎಂದು ಮುಂದೂಡಬೇಡಿ.

ಮೇವು ಕತ್ತರಿಸುವ ಯಂತ್ರದಲ್ಲೋ ಕಬ್ಬಿನ ಗಾಣದಲ್ಲೋ ಬೆರಳೇ ತುಂಡಾಗಿ ಬಿದ್ದಿದ್ದರೆ ಆ ತುಂಡನ್ನು ಎಸೆಯಬೇಡಿ. ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ತೇವವಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಯಲ್ಲೇ ಕಳಿಸಿ. ತುಂಡು ನೇರವಾಗಿ ಮಂಜುಗಡ್ಡೆಗೆ ತಾಗಿದರೆ ಹೆಪ್ಪುಗಟ್ಟಿ ಕೆಡುತ್ತದೆ, ಮತ್ತೆ ಜೋಡಿಸಲಾಗದು.

ಧನುರ್ವಾಯು ಮತ್ತು ಲಸಿಕೆ

ಧನುರ್ವಾಯು ತುಕ್ಕಿನಿಂದ ಬರುವುದಿಲ್ಲ. ಕ್ಲೋಸ್ಟ್ರಿಡಿಯಂ ಟೆಟನಿ ಎಂಬ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ, ದನ ಕುದುರೆಗಳ ಸಗಣಿ ಲದ್ದಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಅವು ಆಮ್ಲಜನಕ ಇಲ್ಲದ ಜಾಗದಲ್ಲಿ ಮಾತ್ರ ಮೊಳೆತು ವಿಷ ಉಗುಳುತ್ತವೆ. ಮೊಳೆಯ ಗಾಯ ಅಪಾಯಕಾರಿಯಾಗುವುದು ಅದು ಕಿರಿದಾಗಿ, ಆಳವಾಗಿ, ತೊಳೆಯಲು ಸಿಗದಂತೆ ಇರುವುದರಿಂದ. ಹೊಳೆಯುವ ಹೊಸ ಮೊಳೆಯೂ ಕೊಟ್ಟಿಗೆಯ ನೆಲದಲ್ಲಿ ಬಿದ್ದಿದ್ದರೆ ಅಷ್ಟೇ ಅಪಾಯ. ಗಾಯವಾದ ಮೂರರಿಂದ ಇಪ್ಪತ್ತೊಂದು ದಿನಗಳೊಳಗೆ, ಎಷ್ಟೋ ಸಲ ಗಾಯ ಮಾಯ್ದು ಮರೆತುಹೋದ ಮೇಲೆ, ದವಡೆ ಬಿಗಿಯುವುದು, ಬಾಯಿ ತೆರೆಯಲಾಗದಿರುವುದು, ಕತ್ತು ಸೆಟೆಯುವುದು ಶುರುವಾಗುತ್ತದೆ. ಆ ಹಂತದಲ್ಲಿ ಚಿಕಿತ್ಸೆ ಬಹಳ ಕಷ್ಟ. ಲಸಿಕೆಯಿಂದ ತಡೆಯುವುದು ಬಹಳ ಸುಲಭ.

ಪ್ರತಿ ಗಾಯಕ್ಕೂ "ಟಿ.ಟಿ. ಇಂಜೆಕ್ಷನ್", ಅಂದರೆ ಧನುರ್ವಾಯು ಲಸಿಕೆ, ಹಾಕಿಸಿಕೊಳ್ಳುವವರೂ ಇದ್ದಾರೆ, ಮೂವತ್ತು ವರ್ಷಗಳಿಂದ ಒಂದನ್ನೂ ಹಾಕಿಸಿಕೊಳ್ಳದವರೂ ಇದ್ದಾರೆ. ಎರಡೂ ಸರಿಯಲ್ಲ. ಬಾಲ್ಯದ ಲಸಿಕೆಗಳು ಪೂರ್ಣವಾಗಿ ಆಗಿದ್ದವರಿಗೆ ಶುಭ್ರವಾದ ಸಣ್ಣ ಗಾಯವಾದರೆ ಕೊನೆಯ ಚುಚ್ಚುಮದ್ದಿಗೆ 10 ವರ್ಷ ತುಂಬಿದ್ದರೆ ಮಾತ್ರ ಇನ್ನೊಂದು ಬೇಕು. ಮಣ್ಣು ಸೇರಿದ, ಆಳವಾದ, ಜಜ್ಜಿದ ಗಾಯವಾದರೆ 5 ವರ್ಷ ತುಂಬಿದ್ದರೆ ಬೇಕು. ಧನುರ್ವಾಯು ಲಸಿಕೆಯ ಮೊದಲ ಮೂರು ಚುಚ್ಚುಮದ್ದುಗಳೂ ಆಗಿರದವರಿಗೆ, ಅಥವಾ ಆಗಿದೆಯೋ ಇಲ್ಲವೋ ನೆನಪಿಲ್ಲದವರಿಗೆ, ಕೊಳಕಾದ ಗಾಯದಲ್ಲಿ ಲಸಿಕೆಯ ಜೊತೆಗೆ ರೋಗದ ವಿಷವನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಇನ್ನೊಂದು ಚುಚ್ಚುಮದ್ದೂ ಬೇಕಾಗುತ್ತದೆ. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಈಗ ಟಿ.ಟಿ. ಬದಲಿಗೆ ಡಿಫ್ತೀರಿಯಾವನ್ನೂ (ಗಂಟಲಮಾರಿ) ತಡೆಯುವ ಟಿ.ಡಿ. ಲಸಿಕೆ ಬಳಕೆಯಲ್ಲಿದ್ದು, 10 ಮತ್ತು 16ನೆಯ ವಯಸ್ಸಿನಲ್ಲಿ ಹಾಗೂ ಗರ್ಭಿಣಿಯರಿಗೆ ಅದನ್ನು ಕೊಡುತ್ತಾರೆ. ಗಾಯವಾಗಿ 24 ಗಂಟೆ ಕಳೆದರೆ ಲಸಿಕೆಯಿಂದ ಪ್ರಯೋಜನವಿಲ್ಲವೆಂದು ಕೈಬಿಡುವುದು ತಪ್ಪು. ಬೇಗ ಹಾಕಿಸುವುದು ಒಳ್ಳೆಯದಾದರೂ ತಡವಾಗಿಯಾದರೂ ಹಾಕಿಸಲೇಬೇಕು.

ನಾಯಿ, ಬೆಕ್ಕು, ಮಂಗ ಕಚ್ಚಿದ ಗಾಯ

ಇಲ್ಲಿ ಮೇಲಿನ ಕ್ರಮವೇ ಬೇರೆಯಾಗುತ್ತದೆ. ರಕ್ತ ತೀವ್ರವಾಗಿ ಸುರಿಯುತ್ತಿಲ್ಲವಾದರೆ ಮೊದಲು ಸೋಪು ಮತ್ತು ಹರಿಯುವ ನೀರಿನಿಂದ ಪೂರ್ತಿ 15 ನಿಮಿಷ ತೊಳೆಯಬೇಕು. ರೇಬೀಸ್ ವೈರಸ್ಸಿನ ಹೊರಪದರ ಕೊಬ್ಬಿನಿಂದಾದದ್ದು, ಸೋಪು ಅದನ್ನು ಕರಗಿಸುತ್ತದೆ. ಈ ಹದಿನೈದು ನಿಮಿಷದ ಬೆಲೆಯನ್ನು ಎಷ್ಟು ಹೇಳಿದರೂ ಕಡಿಮೆಯೇ. ತೊಳೆದ ಮೇಲೆ ಪೋವಿಡೋನ್ ಅಯೋಡಿನ್ ಹಚ್ಚಿ, ಕಟ್ಟು ಕಟ್ಟದೆ ತೆರೆದೇ ಇಟ್ಟು, ಅದೇ ದಿನ ಆಸ್ಪತ್ರೆಗೆ ಹೋಗಿ. ಸುಣ್ಣ, ಮೆಣಸಿನಪುಡಿ ಹಚ್ಚುವುದು ಗಾಯವನ್ನು ಕೆರಳಿಸುತ್ತದೆಯೇ ಹೊರತು ವೈರಸ್ಸನ್ನು ತಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ವಿಧಾನದಲ್ಲಿ 0 (ಮೊದಲ ಚುಚ್ಚುಮದ್ದಿನ ದಿನ), 3, 7 ಮತ್ತು 28ನೆಯ ದಿನಗಳಂದು, ಸ್ನಾಯುವಿಗೆ ಕೊಡುವುದಾದರೆ ಇವುಗಳ ಜೊತೆ 14ನೆಯ ದಿನವೂ ಸೇರಿ ಐದು ಸಲ ಹಾಕಿಸಬೇಕು. ರಕ್ತ ಬಂದ ಕಡಿತವಾಗಿದ್ದರೆ ಗಾಯದೊಳಗೇ ಕೊಡುವ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕೆಂದು ಕೇಳಿ ಪಡೆಯಿರಿ. ಮನೆಯ ಸಾಕುನಾಯಿ, ಪುಟ್ಟ ಮರಿ, ಸ್ವಲ್ಪವೇ ಪರಚಿದ್ದು ಎಂಬ ಯಾವ ಸಮಾಧಾನವೂ ಇಲ್ಲಿ ಬೇಡ, ಏಕೆಂದರೆ ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿದವರು ಇಲ್ಲವೆನ್ನುವಷ್ಟು ಅಪರೂಪ.

ಹಾವಿನ ಕಡಿತಕ್ಕೆ ಈ ಮಾರ್ಗದರ್ಶಿ ಅನ್ವಯಿಸುವುದಿಲ್ಲ. ಅದನ್ನು ಕೊಯ್ಯದೆ, ಹೀರದೆ, ಬಿಗಿಯಾಗಿ ಕಟ್ಟದೆ, ಗಾಯಾಳುವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಮುಂದಿನ ದಿನಗಳು: ನಂಜನ್ನು ಗುರುತಿಸುವುದು

ಮೊದಲ ಎರಡು ಮೂರು ದಿನ ಗಾಯದ ಅಂಚು ಸ್ವಲ್ಪ ಕೆಂಪಾಗಿ, ತುಸು ಊದಿ, ತೆಳುವಾದ ತಿಳಿನೀರು ಜಿನುಗುವುದು ಸಹಜ. ಮೈ ತನ್ನ ದುರಸ್ತಿಯನ್ನು ಶುರುಮಾಡಿರುವುದರ ಗುರುತು ಅದು. ತರಚು ಗಾಯದ ಮೇಲೆ ಕಾಣುವ ತಿಳಿಹಳದಿ ಪೊರೆಯನ್ನು ಕೀವೆಂದು ತಿಳಿದು ಕೆರೆದು ತೆಗೆಯಬೇಡಿ. ದಿನ ಕಳೆದಂತೆ ನೋವು ಇಳಿಯಬೇಕು, ಕೆಂಪು ಕಿರಿದಾಗಬೇಕು. ಇಳಿಯುತ್ತಿದ್ದ ನೋವು ಮತ್ತೆ ಏರಿದರೆ ಅದೇ ಮೊದಲ ಎಚ್ಚರಿಕೆ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಟ್ಟು ಮರುದಿನ ಅದು ಗೆರೆ ದಾಟಿದೆಯೇ ನೋಡುವುದು ಬಹಳ ಸರಳವಾದ, ಬಹಳ ಉಪಯುಕ್ತವಾದ ಉಪಾಯ. ಮಂದವಾದ, ವಾಸನೆಯುಳ್ಳ ಕೀವು, ಮುಟ್ಟಿದರೆ ಬಿಸಿ, ಜ್ವರ, ಗಾಯದಿಂದ ಮೇಲಕ್ಕೆ ಹರಿಯುವ ಕೆಂಪು ಗೆರೆ, ಕಂಕುಳಲ್ಲೋ ತೊಡೆಸಂದಿಯಲ್ಲೋ ನೋಯುವ ಗಂಟು, ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರನ್ನು ಕಾಣಬೇಕು. ನೋಡಲು ಅಷ್ಟೇನೂ ಇಲ್ಲದ ಗಾಯದಲ್ಲಿ ತಡೆಯಲಾರದ ನೋವು, ಗಂಟೆಗಂಟೆಗೆ ಹರಡುವ ಕಪ್ಪು ಅಥವಾ ನೇರಳೆ ಬಣ್ಣ ಕಂಡರೆ ರಾತ್ರಿಯಾದರೂ ಕಾಯಬಾರದು.

ಸಕ್ಕರೆ ಕಾಯಿಲೆ ಇರುವವರ ಪಾದದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅವರ ಪಾದದ ನರಗಳು ಮಂದವಾಗಿದ್ದರೆ ಚಪ್ಪಲಿಯೊಳಗಿನ ಮೊಳೆಯಾಗಲಿ ಬಿಸಿನೀರಿನ ಸುಟ್ಟಗಾಯವಾಗಲಿ ತಿಳಿಯುವುದೇ ಇಲ್ಲ. ರಕ್ತಸಂಚಾರವೂ ಕಡಿಮೆಯಿರುವುದರಿಂದ ನೋವಿಲ್ಲದ ಚಿಕ್ಕ ಗಾಯ ವಾರದೊಳಗೆ ಮೂಳೆಗೆ ಇಳಿಯಬಹುದು. ದಿನವೂ ರಾತ್ರಿ ಪಾದದ ಅಡಿಯನ್ನು ಕನ್ನಡಿ ಹಿಡಿದು ನೋಡಿಕೊಳ್ಳುವುದು, ಯಾವುದೇ ಗಾಯವನ್ನು ಮನೆಮದ್ದಿನಲ್ಲಿ ಕಳೆಯದೆ ಎರಡು ದಿನದೊಳಗೆ ತೋರಿಸುವುದು ಅವರಿಗೆ ಕಾಲನ್ನೇ ಉಳಿಸುವ ಅಭ್ಯಾಸಗಳು.

ಮಳೆಗಾಲದಲ್ಲಿ ಕರಾವಳಿ ಮತ್ತು ಮಲೆನಾಡಿನ ಗದ್ದೆ ತೋಟಗಳಲ್ಲಿ ದುಡಿಯುವವರಿಗೆ ಇನ್ನೊಂದು ಅಪಾಯವಿದೆ. ಇಲಿಯ ಮೂತ್ರ ಸೇರಿದ ನೀರು ಮತ್ತು ಕೆಸರಿನಿಂದ ಇಲಿಜ್ವರದ ರೋಗಾಣು ಕಾಲಿನ ಬಿರುಕು, ಸಣ್ಣ ಗಾಯಗಳ ಮೂಲಕವೇ ಮೈಸೇರುತ್ತದೆ. ಕಾಲಿನಲ್ಲಿ ಗಾಯವಿದ್ದಾಗ ಗದ್ದೆಗೆ ಇಳಿಯದಿರುವುದು ಉತ್ತಮ. ಇಳಿಯಲೇಬೇಕಾದರೆ ನೀರು ಹೋಗದ ಪಟ್ಟಿ ಅಂಟಿಸಿ, ಗಂಬೂಟು ಹಾಕಿ, ಬಂದೊಡನೆ ಸೋಪಿನಿಂದ ತೊಳೆಯಿರಿ. ಆಮೇಲಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ಗದ್ದೆಯಲ್ಲಿ ದುಡಿದ ಸಂಗತಿಯನ್ನು ವೈದ್ಯರಿಗೆ ನೀವಾಗಿಯೇ ಹೇಳಿ.

ಊಟದ ಪಥ್ಯದ ಬಗ್ಗೆ

ಗಾಯವಾದವರಿಗೆ ಬದನೆಕಾಯಿ, ಕಡಲೆಕಾಯಿ, ಮೀನು, ಮೊಟ್ಟೆ, ಬೇಳೆಕಾಳು ನಂಜೆಂದು ಕೊಡದಿರುವ ಮನೆಗಳು ಈಗಲೂ ಉಂಟು. ಬದನೆಕಾಯಿ ಬಿಟ್ಟರೆ ನಷ್ಟವಿಲ್ಲ. ಆದರೆ ಹೊಸ ಚರ್ಮ ಕಟ್ಟಲು ಬೇಕಾದದ್ದೇ ಪ್ರೋಟೀನು. ಬೇಳೆ, ಮೊಟ್ಟೆ, ಮೀನು, ಹಾಲುಗಳನ್ನು ನಿಲ್ಲಿಸಿ ಗಂಜಿಯಲ್ಲಿ ಕಳೆದರೆ ಗಾಯ ಮಾಯುವುದು ತಡವಾಗುತ್ತದೆ. ಅಂಗಾಂಶವನ್ನು ಹಿಡಿದಿಡುವ ಕೊಲಾಜನ್ ತಯಾರಾಗಲು ಸಿ ಜೀವಸತ್ವ ಬೇಕು, ಅದಕ್ಕೆ ನೆಲ್ಲಿಕಾಯಿ, ಸೀಬೆ, ನಿಂಬೆ ಸಾಕು. ಬೀಡಿ ಸಿಗರೇಟು ಸೇದುವವರು ಗಾಯ ಮಾಯುವವರೆಗಾದರೂ ಬಿಡಬೇಕು, ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಸಂಕುಚಿಸುತ್ತದೆ.

ಮನೆಯಲ್ಲಿ ಇರಬೇಕಾದ ಪೆಟ್ಟಿಗೆ

ತೇವ ತಾಗದ ಡಬ್ಬಿಯೊಂದರಲ್ಲಿ ರೋಗಾಣುರಹಿತ ಗಾಜ್ ಪೊಟ್ಟಣಗಳು, ಎರಡು ಮೂರು ಅಗಲದ ಸುತ್ತುವ ಬ್ಯಾಂಡೇಜುಗಳು, ಅಂಟುಪಟ್ಟಿ, ಸಣ್ಣ ಪ್ಲಾಸ್ಟರ್‌ಗಳು, ಪೋವಿಡೋನ್ ಅಯೋಡಿನ್ ಮುಲಾಮು, ಕೈಗವಸು, ಕತ್ತರಿ, ಚಿಮುಟ, ಒಂದು ಹೊಸ ಸೋಪು, ಒಂದು ಪೆನ್ನು ಇಷ್ಟಿದ್ದರೆ ಸಾಕು. ತೋಟ ಮನೆಯಿಂದ ದೂರವಿದ್ದರೆ ಅಲ್ಲಿಗೊಂದು, ಟ್ರ್ಯಾಕ್ಟರಿನಲ್ಲೊಂದು ಇಡಿ. ಒಮ್ಮೆ ಬಾಯಿ ತೆರೆದ ಗಾಜ್ ಪೊಟ್ಟಣದಲ್ಲಿ ಉಳಿದದ್ದನ್ನು ಮತ್ತೆ ಗಾಯಕ್ಕೆ ಬಳಸಬಾರದು, ಮುಲಾಮಿನ ಅವಧಿ ಮುಗಿದಿದೆಯೇ ಎಂದು ಆರು ತಿಂಗಳಿಗೊಮ್ಮೆ ನೋಡಬೇಕು. ಮನೆಯ ಪ್ರತಿಯೊಬ್ಬರೂ ಕೊನೆಯ ಬಾರಿ ಧನುರ್ವಾಯು ಲಸಿಕೆ ಹಾಕಿಸಿಕೊಂಡ ತಿಂಗಳು ಮತ್ತು ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿಡಿ; ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು, ಮತ್ತು ಆ ಗಡಿಬಿಡಿಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.